ಬಟಾಣಿ ಡಬ್ಬಿಯ ಒಡಿಲಾನ್

ಕಳೆದ ಗುರುವಾರ ಒಡಿಲಾನ್ ಬೋಸ್ಟಿನ್‌ನನ್ನು ಮಣ್ಣು ಮಾಡಿ ಬಂದೆವು. ಗುಂಡಿಯ ಬದಿಯಲ್ಲಿ ನಿಂತು ಶಾಲೆಯ ಮೇಷ್ಟ್ರು ಅಲೋಯಿಸ್ ಎರಡು ಹಾಳೆ ತುಂಬ ಬರೆದುಕೊಂಡು ಬಂದಿದ್ದನ್ನು ಓದಿದರು. ‘ಹೂಲ್‌ಬೇಕ್ ಊರಿನ ಸೈಕಲ್ ಪಂದ್ಯಗಳ ಪಿತಾಮಹ’ ಎಂದು ಮೂರು ಸಲ ಹೇಳಿದರು. ಮೊದಲ ಸಲ ಸಹಿಸಿಕೊಂಡೆ. ಎರಡನೆಯ ಸಲ ಪಕ್ಕದವಳ ಟೋಪಿ ನೋಡುತ್ತ ನಿಂತೆ. ಮೂರನೆಯ ಸಲ ಕೆಮ್ಮಿದೆ, ಜೋರಾಗಿಯೇ. ಜನ ತಿರುಗಿ ನೋಡಿದರು. ನನಗೆ, ಬೇಕರಿಯ ಮುದುಕಿ ಎಮರೆನ್ಸಳಿಗೆ, ಶೀತ ಹಿಡಿದಿದೆ ಅಂದುಕೊಂಡಿರಬೇಕು.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಅವರು ಈ ಊರಿಗೆ ಬಂದು ಹನ್ನೆರಡು ವರ್ಷವಾಯಿತು, ಅಷ್ಟೆ. ಸಾವಿರದ ಒಂಬೈನೂರ ಒಂಬತ್ತರ ಮೇ ತಿಂಗಳ ಆ ಭಾನುವಾರ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ತುಟಿ ಪಿಟಕ್ಕೆನ್ನುವುದಿಲ್ಲ. ಆ ವಿದ್ಯೆಯನ್ನು ಊರಿಗೆ ಕಲಿಸಿದವನು ಒಡಿಲಾನನೇ. ಹಾಗಾಗಿ ಅವನ ಕಥೆಯನ್ನು ನಾನು ಹೇಳಬೇಕಾಗಿದೆ. ಹೂವಿನ ಹಾರವೆಲ್ಲ ಮೇಷ್ಟ್ರು ಹಾಕಿ ಮುಗಿಸಿದ್ದಾರೆ, ನನ್ನ ಪಾಲಿಗೆ ಉಳಿದದ್ದು ಉಳಿದದ್ದೇ.

ಒಡಿಲಾನ್ ಹೊಗೆಸೊಪ್ಪು ಮಾರುತ್ತಿದ್ದ. ಸರಿಯಾಗಿ ಹೇಳಬೇಕೆಂದರೆ, ಅವನ ಹೆಂಡತಿ ಜೂಲ್ಮಾ ಮಾರುತ್ತಿದ್ದಳು, ಅವನು ಚಾವಣಿಯ ಮೇಲೆ ಇರುತ್ತಿದ್ದ. ಅಲ್ಲಿ ಅವನ ಪಾರಿವಾಳದ ಗೂಡು. ಮದುವೆಯಾದ ವರ್ಷ ಜೂಲ್ಮಾ ಮಲಗುವ ಕೋಣೆಗೆ ಒಂದು ಹೊಸ ಕಿಟಕಿ ಬೇಕೆಂದು ಕೇಳಿದ್ದಳಂತೆ. ಕಿಟಕಿ ಬಂತು, ಆದರೆ ಗೂಡಿಗೆ ಬಂತು. ಹಕ್ಕಿಗಳಿಗೆ ಬೆಳಗಿನ ಬಿಸಿಲು ಒಳ್ಳೆಯದು ಅಂತ ಅವನ ವಾದ. ಜೂಲ್ಮಾಗೆ ಬಿಸಿಲು ಒಳ್ಳೆಯದೋ ಕೆಟ್ಟದ್ದೋ ಯಾರೂ ವಿಚಾರಿಸಲಿಲ್ಲ. ಅವಳು ಆ ಕತ್ತಲೆ ಕೋಣೆಯಲ್ಲೇ ನಾಲ್ಕು ಹೆತ್ತಳು.

ಮೂವತ್ತಕ್ಕೇ ಅವನು ಪಾರಿವಾಳ ಸಂಘದ ಕಾರ್ಯದರ್ಶಿಯಾದ. ಸಂಘದ ಗಡಿಯಾರ ಅವನ ವಶಕ್ಕೆ ಬಂತು. ಮರದ ಪೆಟ್ಟಿಗೆಯಲ್ಲಿ ಕೂತ, ಸೀಸದ ಮುದ್ರೆ ಹಾಕಿದ ಗಡಿಯಾರ ಅದು. ಅದನ್ನು ಅವನು ಪಾದ್ರಿಗಳು ಪ್ರಸಾದದ ಬಟ್ಟಲು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಚೌಕ ದಾಟುತ್ತಿದ್ದ. ನಮ್ಮ ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ ರೈಲಿನಲ್ಲಿ ಫ್ರಾನ್ಸಿಗೆ ಕಳಿಸುತ್ತಾರೆ, ಭಾನುವಾರ ಬೆಳಿಗ್ಗೆ ಅಲ್ಲಿ ಬಿಡುತ್ತಾರೆ, ಅವು ಮನೆ ಹುಡುಕಿಕೊಂಡು ಹಾರಿ ಬರುತ್ತವೆ. ಬಂದು ಚಾವಣಿಯ ಮೇಲೆ ಕೂತರೆ ಸಾಲದು. ಗೂಡಿನೊಳಗೆ ಇಳಿಯಬೇಕು, ಕಾಲಿನ ರಬ್ಬರ್ ಉಂಗುರ ಬಿಚ್ಚಿ ಗಡಿಯಾರದ ಹೊಟ್ಟೆಗೆ ಹಾಕಬೇಕು, ಅದು ಠಕ್ ಎನ್ನಬೇಕು. ಅಲ್ಲಿಯತನಕ ಆ ಹಕ್ಕಿ ಬಂದ ಲೆಕ್ಕಕ್ಕಿಲ್ಲ. ಹೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಗರಿ ತಿದ್ದಿಕೊಂಡರೂ ಅದು ಇನ್ನೂ ಫ್ರಾನ್ಸಿನಲ್ಲೇ ಇದೆ.

ಹೆಂಚಿನ ಮೇಲೆ ಕೂತ ಹಕ್ಕಿ ಯಾಕೆ ಇಳಿಯುವುದಿಲ್ಲ? ಬೆದರಿರುತ್ತದೆ, ಅದಕ್ಕೆ. ಯಾರು ಬೆದರಿಸಿದರು? ಊರು. ಇದು ಒಡಿಲಾನನ ಸಿದ್ಧಾಂತ. ಭಾನುವಾರ ಹತ್ತು ಗಂಟೆ ಕಳೆಯಿತೆಂದರೆ ಚೌಕದಲ್ಲಿ ಯಾರೂ ಓಡಾಡುವಂತಿರಲಿಲ್ಲ. ನಾಯಿಗಳನ್ನು ಒಳಗೆ ಕಟ್ಟಬೇಕು. ಬಿಳಿ ಬಟ್ಟೆ ಒಣಹಾಕುವಂತಿಲ್ಲ. ಮರದ ಪಾದರಕ್ಷೆ ಕಳಚಿ ಬರಿ ಕಾಲುಚೀಲದಲ್ಲಿ ನಡೆಯಬೇಕು. ಒಮ್ಮೆ ಒಬ್ಬ ವಿಧವೆ ಬಾಗಿಲಲ್ಲಿ ನಿಂತು ಏಪ್ರನ್ ಕೊಡವಿದಳೆಂದು ಇವನು ಮಾಳಿಗೆಯಿಂದ ಇಳಿದು ಬಂದು, ಏಪ್ರನ್ ಕಳಚಿಸಿ, ಮಡಿಸಿ, ಅವಳ ಕೈಗೇ ಕೊಟ್ಟು ಹೋದ. ಇನ್ನೊಮ್ಮೆ ಒಂದು ಮಗುವಿನ ನಾಮಕರಣಕ್ಕೆ ಗಂಟೆ ಬಾರಿಸುವುದನ್ನು ಅರ್ಧ ಗಂಟೆ ತಡೆಸಿದ. ಫ್ರಾನ್ಸಿನ ಬೋರ್ಜ್‌ನಿಂದ ಹಕ್ಕಿ ಬರುವುದಿತ್ತು. ಪಾದ್ರಿಗಳೂ ಒಪ್ಪಿಕೊಂಡರು. ಅವರದ್ದೂ ಎರಡು ಹಕ್ಕಿ ಆ ಬುಟ್ಟಿಯಲ್ಲಿದ್ದವು.

ಹೀಗೆ ಊರಿಗೆ ಊರೇ ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಹಕ್ಕಿ ಬಂದಾಗ ಒಡಿಲಾನ್ ತಗಡಿನ ಡಬ್ಬಿಯೊಂದರಲ್ಲಿ ಒಣ ಬಟಾಣಿ ಹಾಕಿ ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಗರ್, ಗರ್, ಗರ್. “ಬಾ, ಬಾ, ನನ್ನ ಬಂಗಾರ, ಬಾ” ಎಂದು ಪಿಸುಗುಡುತ್ತಿದ್ದ. ಆ ದನಿಯಲ್ಲಿ ಅವನು ಜೂಲ್ಮಾಳನ್ನು ಒಂದು ದಿನವಾದರೂ ಕರೆದಿದ್ದರೆ ಅವಳು ಇನ್ನೂ ಹತ್ತು ವರ್ಷ ಬದುಕಿರುತ್ತಿದ್ದಳು.

ಈಗ ನನ್ನ ತಮ್ಮ ಈವೋನ ವಿಚಾರ. ಅಪ್ಪ ಅಮ್ಮ ಬೇಗ ಹೋದರು. ಬೇಕರಿ ನನ್ನ ಕೊರಳಿಗೆ ಬಿತ್ತು, ಈವೋನೂ ಬಿದ್ದ. ಅವನು ಅಗಸೆ ನಾರಿನ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಧೂಳು ಹಿಡಿದು ಬೆಳ್ಳಗಾಗಿರುತ್ತಿತ್ತು. ಮೂರು ವರ್ಷ ಕೂಡಿಟ್ಟು ಒಂದು ಹಳೆಯ ಸೈಕಲ್ ಕೊಂಡ. ಚೈನು ಸಡಿಲವಾಗಿ ಲಡಕಾಸಿ ಗಾಡಿಯ ಹಾಗೆ ಸದ್ದು ಮಾಡುತ್ತಿತ್ತು. ಆದರೆ ಅದರ ಮೇಲೆ ಕೂತರೆ ಅವನು ಬೇರೆಯೇ ಮನುಷ್ಯ. ಕಲ್ಲುಹಾಸಿನ ದಾರಿಯಲ್ಲಿ ಕುದುರೆ ಗಾಡಿಗಳನ್ನು ಹಿಂದೆ ಹಾಕಿ ಹೋಗುತ್ತಿದ್ದ, ಮುಖದಲ್ಲಿ ನಗು.

ಸಾವಿರದ ಒಂಬೈನೂರ ಐದರ ಜುಲೈನಲ್ಲಿ, ಒಂದು ಭಾನುವಾರ, ಈವೋ ಅದೇ ನಗುವಿನಲ್ಲಿ ಚೌಕಕ್ಕೆ ನುಗ್ಗಿದ. ಆ ಗಳಿಗೆಗೆ ಸರಿಯಾಗಿ ಒಡಿಲಾನನ ಬೂದು ಹೆಣ್ಣುಹಕ್ಕಿ ಓರ್ಲಿಯನ್ಸಿನಿಂದ ಬಂದು ಹೆಂಚಿನ ಮೇಲೆ ಕಾಲಿಟ್ಟಿತ್ತು, ಇಡೀ ಪ್ರಾಂತ್ಯದಲ್ಲಿ ಎಲ್ಲರಿಗಿಂತ ಮೊದಲು. ಚೈನಿನ ಸದ್ದಿಗೆ ಬೆದರಿ ಅದು ಇಗರ್ಜಿಯ ಗೋಪುರಕ್ಕೆ ಹಾರಿತು. ಹದಿನಾಲ್ಕು ನಿಮಿಷ ಅಲ್ಲೇ ಕೂತಿತು. ಅಷ್ಟರಲ್ಲಿ ಪಕ್ಕದೂರಿನ ಹಕ್ಕಿ ಗೆದ್ದಿತು.

ಒಡಿಲಾನ್ ಬೈಯಲಿಲ್ಲ, ಹೊಡೆಯಲಿಲ್ಲ. ಅದೇ ಅವನ ದೊಡ್ಡತನವಂತೆ, ಮೇಷ್ಟ್ರ ಭಾಷಣದಲ್ಲಿತ್ತು. ಅವನು ಮಾತು ಬಿಟ್ಟ. ಅವನು ಬಿಟ್ಟನೆಂದು ಸಂಘದವರು ಬಿಟ್ಟರು, ಅವರ ಹೆಂಡಿರು ಬಿಟ್ಟರು. ಆ ಬೇಸಿಗೆಯಲ್ಲಿ ಜನ ನನ್ನ ಬಾಗಿಲ ಮುಂದೆಯೇ ಹಾದು ಮೈಲಿ ದೂರದ ಬೇಕರಿಗೆ ಹೋಗಿ ಬ್ರೆಡ್ ತಂದರು. ಗಿರಣಿಯಲ್ಲಿ ಈವೋನ ಜೊತೆ ಊಟಕ್ಕೆ ಕೂರುವವರಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವನು ಸೈಕಲ್ಲಿಗೆ ಒಂದು ಗಂಟು ಕಟ್ಟಿಕೊಂಡು ಗೆಂಟ್ ನಗರಕ್ಕೆ ಹೊರಟ. ಚೌಕ ದಾಟುವಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ತುದಿಗಾಲಲ್ಲಿ ಹೋದ. ಅಣಕಕ್ಕೆ ಮಾಡಿದನೋ ನಿಜವಾಗಿ ಹೆದರಿ ಮಾಡಿದನೋ ಆಗ ನನಗೆ ತಿಳಿಯಲಿಲ್ಲ.

ನಾಲ್ಕು ವರ್ಷ ಬರಲಿಲ್ಲ. ಪತ್ರ ಬರೆಯುತ್ತಿದ್ದ. ರೇಸಿಗೆ ಸೇರಿದ್ದೇನೆ ಎಂದ. ಆಗಿನ ರೇಸುಗಳೆಂದರೆ ಬೆಳಗಿನ ಜಾವ ಹೊರಟು ಹೊತ್ತು ಇಳಿಯುವತನಕ ಇನ್ನೂರೈವತ್ತು, ಮುನ್ನೂರು ಕಿಲೋಮೀಟರು, ಒಂದೇ ದಿನ. ಟೈರು ಹರಿದರೆ ತಾನೇ ಹೊಲಿದುಕೊಳ್ಳಬೇಕು, ಸೈಕಲ್ಲಿನ ಮುಂದಿನ ಕವೆ ಮುರಿದರೆ ತಾನೇ ಕುಲುಮೆ ಹುಡುಕಬೇಕು. ಇನ್ನೊಬ್ಬರು ಕೈ ಹಾಕಿದರೆ ಹೆಸರು ಹೊಡೆದು ಹಾಕುತ್ತಾರೆ. ರೈಲು ಹತ್ತಿ ಬರುವ ಕಳ್ಳರನ್ನು ಹಿಡಿಯಲು ದಾರಿಯಲ್ಲಿ ಅಲ್ಲಲ್ಲಿ ತನಿಖೆಯ ಮೇಜು ಇಟ್ಟಿರುತ್ತಿದ್ದರು. ಸವಾರ ಇಳಿದು, ಪುಸ್ತಕದಲ್ಲಿ ತನ್ನ ಕೈಯಾರೆ ಸಹಿ ಹಾಕಿ ಮುಂದೆ ಹೋಗಬೇಕು.

ಒಂಬತ್ತರ ಏಪ್ರಿಲ್‌ನಲ್ಲಿ ಅವನ ಪತ್ರ ಬಂತು. ಗೆಂಟಿನ ಪತ್ರಿಕೆಯೊಂದು ಹೊಸ ರೇಸು ನಡೆಸುತ್ತಿದೆ, ಇನ್ನೂರ ಎಪ್ಪತ್ತು ಕಿಲೋಮೀಟರು, ದಾರಿ ನಮ್ಮ ಚೌಕದ ಮೇಲೇ ಹೋಗುತ್ತದೆ, ನಮ್ಮಲ್ಲೂ ಒಂದು ಮೇಜಿದೆ ಎಂದು ಬರೆದಿದ್ದ. ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಪಾಠ: ‘ಅಕ್ಕಾ, ಗೆಂಟಿನಲ್ಲಿ ಏನಾಗುತ್ತೋ ಗೊತ್ತಿಲ್ಲ, ನಮ್ಮ ಚೌಕಕ್ಕೆ ಮಾತ್ರ ನಾನೇ ಮೊದಲು ಬರ್ತೀನಿ. ಒಂದೇ ಒಂದು ಸಲ ಅವರು ನನ್ನ ಹೆಸರು ಕೂಗಲಿ.’

ಮೇಜು ನೋಡಿಕೊಳ್ಳಲು ಪತ್ರಿಕೆಯವರಿಗೆ ಊರಿನ ಒಬ್ಬ ಗಣ್ಯ ವ್ಯಕ್ತಿ ಬೇಕಿತ್ತು, ನಂಬಿಗಸ್ತ ಗಡಿಯಾರ ಬೇಕಿತ್ತು. ಗಡಿಯಾರ ಯಾರ ಹತ್ತಿರವಿತ್ತೆಂದು ನಿಮಗೆ ಗೊತ್ತು. ಹೀಗೆ ಸೈಕಲ್ಲಿನ ಚೈನಿನ ಸದ್ದು ಕೇಳಿದರೆ ಕಿವಿ ಮುಚ್ಚುತ್ತಿದ್ದ ಒಡಿಲಾನ್ ಬೋಸ್ಟಿನ್ ಒಂದೇ ವಾರದಲ್ಲಿ ಸೈಕಲ್ ಪಂದ್ಯದ ಅಧಿಕಾರಿಯಾದ. ತೋಳಿಗೆ ಕಟ್ಟಲು ಹಳದಿ ಪಟ್ಟಿ ಬಂತು. ಅದನ್ನು ಅಂಗಡಿಯಲ್ಲಿ ಕಟ್ಟಿಕೊಂಡ, ಇಗರ್ಜಿಗೆ ಕಟ್ಟಿಕೊಂಡು ಹೋದ, ಗೂಡು ಗುಡಿಸುವಾಗಲೂ ಕಟ್ಟಿಕೊಂಡಿದ್ದನೆಂದು ಜೂಲ್ಮಾ ಹೇಳಿದಳು. ನಿಯಮದ ಪುಸ್ತಕವನ್ನು ಕಂಠಪಾಠ ಮಾಡಿದ. ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಸ್ವಹಸ್ತದ ಸಹಿಯ ಮಹತ್ವ ವಿವರಿಸಿದ.

ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಈವೋ ಬರುತ್ತಾನೆಂದು ನಾನು ಹೇಳಿದ ಮೇಲೆ ಊರಿನ ಮನಸ್ಸೂ ಕರಗಿತ್ತು. ನಾಲ್ಕು ವರ್ಷ ಆಗಿತ್ತಲ್ಲ. ಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಗಿತ್ತು. ‘ನಮ್ಮ ಈವೋ’ ಎಂದು ಗಿರಣಿಯವರೇ ಹೇಳತೊಡಗಿದರು. ಒಡಿಲಾನ್ ಕೂಡ ನಾಲ್ಕು ವರ್ಷದ ಮೌನ ಮುರಿದು ನನ್ನ ಅಂಗಡಿಗೆ ಬಂದ. ಹಳೆಯದೆಲ್ಲ ಮರೆತಿದ್ದೇನೆ, ನಿನ್ನ ತಮ್ಮನನ್ನು ಊರಿಗೆ ಬರಮಾಡಿಕೊಳ್ಳುವ ಭಾಗ್ಯ ನನ್ನದು ಎಂದು ಹೇಳಿದ. ಹೇಳುವಾಗ ನನ್ನ ಎರಡೂ ಕೈ ಹಿಡಿದುಕೊಂಡ. ಅವನು ನಾಟಕ ಆಡುತ್ತಿರಲಿಲ್ಲ, ಅದೇ ಕರ್ಮ. ನಾಟಕ ಆಡುವವನಾಗಿದ್ದರೆ ಅಷ್ಟು ಹಾನಿ ಆಗುತ್ತಿರಲಿಲ್ಲ.

ಯಾಕೆಂದರೆ ಅವನಿಗೆ ಬರಮಾಡಿಕೊಳ್ಳಲು ಗೊತ್ತಿದ್ದದ್ದು ಒಂದೇ ರೀತಿ. ಶನಿವಾರ ಡಂಗುರದವನನ್ನು ಕಳಿಸಿದ. ನಾಳೆ ಹತ್ತರಿಂದ ಚೌಕದಲ್ಲಿ ಯಾರೂ ನಿಲ್ಲಬಾರದು. ನಾಯಿ ಒಳಗೆ, ಬಟ್ಟೆ ಒಳಗೆ, ಮಕ್ಕಳು ಒಳಗೆ. ದೂರದಿಂದ ದಣಿದು ಬರುವವರು ಗದ್ದಲ ಕಂಡರೆ ಬೆದರುತ್ತಾರೆ, ಕಾಲು ನೆಲಕ್ಕೆ ಇಡುವುದಿಲ್ಲ. ಹೋಟೆಲಿನ ಮುಂದೆ ಮೇಜು ಇಟ್ಟು ಕೆಂಪು ಬಾವುಟ ನೆಡಬೇಕೆಂದು ಪತ್ರಿಕೆಯವರು ಬಾವುಟವನ್ನೂ ಕಳಿಸಿದ್ದರು. ಒಡಿಲಾನ್ ಅದನ್ನು ಮಡಿಸಿ ಡ್ರಾಯರಿನಲ್ಲಿ ಇಟ್ಟ. ಪಟಪಟ ಹೊಡೆದುಕೊಳ್ಳುವ ಬಟ್ಟೆಯ ಹತ್ತಿರ ಯಾರು ಇಳಿಯುತ್ತಾರೆ? ಮೇಜನ್ನು ತನ್ನ ಮನೆಯ ಪಕ್ಕದ ಕಮಾನಿನೊಳಗೆ, ನೆರಳಿನಲ್ಲಿ ಇಡಿಸಿದ.

ಈ ಮಾತು ಹೇಳಿದರೆ ಈಗಿನ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಅವತ್ತು ಒಬ್ಬರೂ ನಗಲಿಲ್ಲ. ಪಾದ್ರಿಗಳು ತಲೆಯಾಡಿಸಿದರು. ಗಿರಣಿಯ ಮಾಲೀಕರು ಇದು ವಿವೇಕದ ಕ್ರಮ ಎಂದರು. ನಾನೂ ತಲೆಯಾಡಿಸಿದೆ. ನನಗೆ ಮೂವತ್ತೊಂದು ವರ್ಷ, ಬುದ್ಧಿ ಬಂದಾಗಿನಿಂದ ಭಾನುವಾರಗಳನ್ನು ಪರದೆಯ ಹಿಂದೆ ಕಳೆದಿದ್ದವಳು. ಗೌರವ ಎಂದರೆ ಸದ್ದು ಮಾಡದಿರುವುದು ಎಂದೇ ನನ್ನ ತಲೆಯಲ್ಲೂ ಇತ್ತು.

ಭಾನುವಾರ ಬೆಳಿಗ್ಗೆ ಅಕ್ಕಿ ಹಾಲಿನ ಕಡುಬು ಮಾಡಿದೆ. ಈವೋಗೆ ಅದು ಪ್ರಾಣ. ಒಂದು ಬಾಟಲಿ ತಣ್ಣನೆಯ ಕಾಫಿ, ಬೇಯಿಸಿದ ಆರು ಮೊಟ್ಟೆ ಒಂದು ಚೀಲಕ್ಕೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡೆ. ಸಹಿ ಹಾಕಿದ ಮೇಲೆ ಕೊಡುವುದು ಎಂದು ಒಡಿಲಾನನ ಅಪ್ಪಣೆ. ಹನ್ನೊಂದೂವರೆಗೆ ಹಿಂದಿನ ಊರಿನಿಂದ ತಂತಿ ಬಂತು: ಮೂವತ್ತೊಂದನೆಯ ನಂಬರು ಒಬ್ಬನೇ ಮುಂದೆ, ಆರು ನಿಮಿಷದ ಅಂತರ. ಮೂವತ್ತೊಂದು ಈವೋನ ನಂಬರು. ಸುದ್ದಿ ಮನೆಯಿಂದ ಮನೆಗೆ ಹಿತ್ತಲ ಗೋಡೆಗಳ ಮೇಲೆ ಪಿಸುಪಿಸು ಓಡಿತು. ಪಕ್ಕದ ಮನೆಯಲ್ಲಿ ಯಾರೋ ಖುಷಿಗೆ ಅಳುತ್ತಿದ್ದರು, ಬಾಯಿಗೆ ಬಟ್ಟೆ ಒತ್ತಿಕೊಂಡು.

ಅವನು ಬಂದ. ಮೈಯೆಲ್ಲ ಕೆಸರು, ಹೆಗಲಿಗೆ ಅಡ್ಡಡ್ಡ ಸುತ್ತಿದ ಟೈರು, ಮೊಣಕಾಲಿನಿಂದ ರಕ್ತ ಇಳಿದು ಒಣಗಿತ್ತು. ಕನ್ನಡಕ ಹಣೆಗೆ ಏರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ತುಟಿಯಲ್ಲಿ ಆ ಹಳೆಯ ನಗು ಹೊತ್ತು ಚೌಕದ ಮೂಲೆ ತಿರುಗಿದ. ಆಮೇಲೆ ಆ ನಗು ಎಲ್ಲಿಗೆ ಹೋಯಿತೋ.

ಚೌಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲಿನ ಮುಂದೆ ಬಾವುಟವಿಲ್ಲ, ಮೇಜಿಲ್ಲ. ಎಲ್ಲ ಪರದೆಗಳೂ ಮುಚ್ಚಿದ್ದವು. ಈವೋ ನಿಧಾನ ಮಾಡಿದ, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತ. ಆಗ ಕಮಾನಿನ ಕತ್ತಲೆಯಿಂದ ಆ ಸದ್ದು ಬಂತು. ಗರ್, ಗರ್, ಗರ್. ಒಡಿಲಾನ್ ಬಟಾಣಿ ಡಬ್ಬಿ ಅಲ್ಲಾಡಿಸುತ್ತಿದ್ದ.

ಹೊರಗಿನವನಾಗಿದ್ದರೆ ಯಾವುದೋ ಹುಚ್ಚು ಎಂದು ಹೋಗಿ ನೋಡುತ್ತಿದ್ದ. ಈವೋ ಈ ಊರಲ್ಲಿ ಹುಟ್ಟಿದವನು. ಮೌನ, ಪರದೆ, ಬಟಾಣಿ ಡಬ್ಬಿ, ಈ ಮೂರೂ ಸೇರಿದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಲೆಯೆತ್ತಿ ಚಾವಣಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಸೈಕಲ್ಲಿನಿಂದ ಇಳಿದ. ಅದನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡ, ಚಕ್ರ ತಿರುಗದಂತೆ ಒಂದು ಕೈಯಲ್ಲಿ ಹಿಡಿದ. ತುದಿಗಾಲಲ್ಲಿ ಚೌಕ ದಾಟತೊಡಗಿದ. ನೂರ ಎಂಬತ್ತು ಕಿಲೋಮೀಟರು ತುಳಿದು ಬಂದ ಕಾಲು ಅದು. ನನ್ನ ಕಿಟಕಿಯ ಕೆಳಗೆ, ಮೂರು ಮಾರು ದೂರದಲ್ಲಿ ಹಾದುಹೋದ. ಕಣ್ಣು ನನ್ನ ಹೆಂಚಿನ ಮೇಲಿತ್ತು, ಎಲ್ಲಾದರೂ ಹಕ್ಕಿ ಕೂತಿದೆಯೋ ಎಂದು.

ಚೌಕದ ಆಚೆ ಸೈಕಲ್ ಇಳಿಸಿ, ಸದ್ದಾಗದಂತೆ ಇಪ್ಪತ್ತು ಹೆಜ್ಜೆ ನಡೆಸಿ, ಹತ್ತಿ ಹೊರಟುಹೋದ.

ಒಡಿಲಾನ್ ಕಮಾನಿನಿಂದ ತಲೆ ಹೊರಗೆ ಹಾಕಿ ಎಲ್ಲ ಕಿಟಕಿಗಳಿಗೂ ಕಾಣುವಂತೆ ಕೈ ತೋರಿಸಿದ, ಸುಮ್ಮನಿರಿ ಎಂದು. ಪಕ್ಕದ ಕಿಟಕಿಗೆ ಪಿಸುಗುಟ್ಟಿದ್ದು ನನಗೂ ಕೇಳಿತು.

“ಗಾಬರಿ ಬೀಳ್ಬೇಡಿ. ಇನ್ನೊಂದು ಸುತ್ತು ಹಾಕ್ತಾನೆ. ಸುತ್ತು ಹಾಕೋವ್ರನ್ನ ಬೆನ್ನಟ್ಬಾರ್ದು, ಪೂರ್ತಿ ಹೊರಟೋಗ್ತಾರೆ.”

ಹಾಗೆ ಆರು ನಿಮಿಷ ಇಡೀ ಊರು ಅವನು ಸುತ್ತು ಹಾಕಿ ಬರಲೆಂದು ಕಾದಿತು. ಬಂದವರು ಬೇರೆ ಐದು ಜನ, ದಕ್ಷಿಣದ ಕಡೆಯವರು, ಪಾರಿವಾಳದ ಗಂಧಗಾಳಿ ಇಲ್ಲದವರು. ಚೌಕ ಖಾಲಿ ಕಂಡದ್ದೇ ತಡ, ಮೇಜೆಲ್ಲಿ ಎಂದು ಗಂಟಲು ಹರಿಯುವಂತೆ ಅರಚಿದರು, ಹೋಟೆಲಿನ ಬಾಗಿಲು ಒದ್ದರು, ಒಬ್ಬನಂತೂ ಒಡಿಲಾನನನ್ನು ಕುತ್ತಿಗೆಪಟ್ಟಿ ಹಿಡಿದು ಕಮಾನಿನಿಂದ ಎಳೆದು ತಂದ. ಗಲಾಟೆ ಮಾಡಿದ್ದಕ್ಕೆ ಅವರ ಸಹಿ ಬಿತ್ತು. ನಯವಾಗಿ ನಡೆದುಕೊಂಡವನ ಸಹಿ ಬೀಳಲಿಲ್ಲ.

ಗೆಂಟಿನಲ್ಲಿ ಈವೋ ಎಲ್ಲರಿಗಿಂತ ಹತ್ತು ನಿಮಿಷ ಮೊದಲು ತಲುಪಿದ. ಹೂಮಾಲೆ ಹಾಕಿದರು, ಫೋಟೋ ತೆಗೆದರು. ಸಂಜೆ ಮೇಜುಗಳಿಂದ ಸಹಿ ಪುಸ್ತಕಗಳು ಬಂದವು. ಹೂಲ್‌ಬೇಕಿನ ಹಾಳೆಯಲ್ಲಿ ಅವನ ಹೆಸರಿರಲಿಲ್ಲ. ಹೂಲ್‌ಬೇಕಿನಲ್ಲಿ ಮೇಜು ಇರಲಿಲ್ಲ, ಅಲ್ಲಿ ಪಾರಿವಾಳದ ಪಂದ್ಯ ನಡೆಯುತ್ತಿತ್ತು ಎಂದು ಅವನು ಹೇಳಿದ. ಹಿಂದಿನ ಊರಿನಲ್ಲೂ ಮೇಜನ್ನು ಹೋಟೆಲಿನಿಂದ ರೈಲ್ವೆ ಗೇಟಿನ ಹತ್ತಿರ ಬದಲಿಸಿದ್ದರಂತೆ. ಹಾಗಾಗಿ ಊರಾಚೆ ಎಲ್ಲಾದರೂ ಸಿಗುತ್ತದೆಂದು ನೋಡುತ್ತಲೇ ಹೋದನಂತೆ, ಕೊನೆಗೆ ರದ್ದಾಗಿರಬೇಕು ಅಂದುಕೊಂಡನಂತೆ. ಅಧಿಕಾರಿಗಳು ನಕ್ಕರು. ಹೂಮಾಲೆ ತೆಗೆದು ಎರಡನೆಯವನಿಗೆ ಹಾಕಿದರು.

ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಿಯಮದಲ್ಲಿ ಒಂದು ಸಂದು ಇತ್ತು. ಮೇಜಿನ ಅಧಿಕಾರಿ ಸವಾರನನ್ನು ಕಣ್ಣಾರೆ ಕಂಡಿದ್ದರೆ ಹಾಗೆಂದು ಬರೆದುಕೊಡಬಹುದು, ಸಹಿಯ ಬದಲಿಗೆ ಅದು ನಡೆಯುತ್ತದೆ. ಮಂಗಳವಾರ ಪತ್ರಿಕೆಯವರು ಒಡಿಲಾನನಿಗೆ ಕಾಗದ ಬರೆದು ಕೇಳಿದರು: ಮೂವತ್ತೊಂದನೆಯ ನಂಬರು ನಿಮ್ಮ ಊರಿನ ಮೇಲೆ ಹಾದುಹೋದನೆ? ಒಂದು ಸಾಲು ಸಾಕಿತ್ತು. ನಾನು ಏಪ್ರನ್ ಕೂಡ ಬಿಚ್ಚದೆ ಅವನ ಅಂಗಡಿಗೆ ಓಡಿದೆ. ಅವನು ಹಳದಿ ಪಟ್ಟಿ ಕಟ್ಟಿಕೊಂಡು ಕಾಗದದ ಮುಂದೆ ಕೂತಿದ್ದ.

“ಬರೀರಿ ಒಡಿಲಾನ್. ನೋಡಿದೆ ಅಂತ ಬರೀರಿ.”

“ನೋಡ್ದೆ ಕಣಮ್ಮ. ನೋಡ್ಲಿಲ್ಲ ಅಂತ ನಾನೆಲ್ಲಿ ಅಂದೆ?” ಅವನ ಕಣ್ಣಲ್ಲಿ ನೀರಿತ್ತು. “ಆದ್ರೆ ಹೆಂಚಿನ ಮೇಲೆ ಕೂತಿದ್ದನ್ನ ಎಷ್ಟ್ ಜನ ನೋಡಿದ್ರೂ ಬಂದಂಗಲ್ಲ. ಒಳಗೆ ಬರ್ಬೇಕು, ಗಡಿಯಾರ ಠಕ್ ಅನ್ಬೇಕು. ನನ್ನ ಬೂದು ಹಕ್ಕೀನೂ ಇಡೀ ಊರು ನೋಡಿತ್ತು. ನಾನು ಆವತ್ತು ಬರ್ಕೊಂಡ್ನಾ? ನನಗೊಂದು ನ್ಯಾಯ, ನಿನ್ನ ತಮ್ಮಂಗೊಂದು ನ್ಯಾಯ ಮಾಡಕ್ಕಾಗುತ್ತಾ, ಎಮರೆನ್ಸ್?”

“ಅವನು ಪಾರಿವಾಳ ಅಲ್ಲ, ಮನುಷ್ಯ.”

“ಮನುಷ್ಯನಿಗೆ ಇನ್ನೂ ಬಿಗಿ ನಿಯಮ ಬೇಕಮ್ಮ” ಎಂದು ಕಣ್ಣೊರೆಸಿಕೊಂಡ.

ಏನು ಬರೆದನೋ ಅದನ್ನು ನನಗೆ ಓದಿಯೂ ಹೇಳಿದ, ಹೆಮ್ಮೆಯಿಂದ. ‘ಸದರಿ ಸವಾರರು ಊರಿನ ಮೇಲೆ ಹಾದರೂ ತಲುಪಿದವರಾಗಿರುವುದಿಲ್ಲ.’ ಪತ್ರಿಕೆಯವರಿಗೆ ಆ ವಾಕ್ಯದ ತಲೆಬುಡ ತಿಳಿಯದೆ ಈವೋನ ಹೆಸರನ್ನು ಶಾಶ್ವತವಾಗಿ ಹೊಡೆದು ಹಾಕಿದರು. ಅಂಥ ಪ್ರಾಮಾಣಿಕ ಅಧಿಕಾರಿ ಸಿಕ್ಕಿದ್ದು ತಮ್ಮ ಪುಣ್ಯ ಎಂದು ಅವನಿಗೆ ಅಭಿನಂದನೆಯ ಕಾಗದವನ್ನೂ ಕಳಿಸಿದರು. ಅದು ಚೌಕಟ್ಟಿನೊಳಗೆ ಅವನ ಅಂಗಡಿಯ ಗೋಡೆಯ ಮೇಲೆ ಇವತ್ತಿಗೂ ಇದೆ. ಮೇಷ್ಟ್ರ ಎರಡು ಹಾಳೆ ಹುಟ್ಟಿದ್ದೇ ಅದರಿಂದ.

ಒಡಿಲಾನನಿಗೆ ಮನಸ್ಸು ಚುಚ್ಚದೆ ಇರಲಿಲ್ಲ. ಅದಕ್ಕೆ ಅವನು ಮಾಡಿದ ಪ್ರಾಯಶ್ಚಿತ್ತವನ್ನೂ ಹೇಳಿಬಿಡುತ್ತೇನೆ. ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ಒಂದು ಬುಟ್ಟಿ ಇತ್ತು. ಒಳಗೆ ಅದೇ ಬೂದು ಹೆಣ್ಣುಹಕ್ಕಿ, ಮುದಿಯಾಗಿತ್ತು. ಇದು ನಿನ್ನದು, ಸಾಕಿದರೂ ಸರಿ, ಸಾರು ಮಾಡಿದರೂ ಸರಿ ಎಂದು ಚೀಟಿ. ಮುಚ್ಚಳ ತೆಗೆದೆ. ಹಕ್ಕಿ ನನ್ನ ಮುಖಕ್ಕೆ ರೆಕ್ಕೆ ಬಡಿದು, ಚೌಕ ದಾಟಿ, ನೆಟ್ಟಗೆ ಅವನ ಗೂಡಿಗೇ ಹೋಗಿ ಇಳಿಯಿತು. ಅವನು ಅದನ್ನು ಮತ್ತೆ ಕಳಿಸಲಿಲ್ಲ. ಕೊಟ್ಟ ಪುಣ್ಯವೂ ಅವನಿಗೇ, ಹಕ್ಕಿಯೂ ಅವನಿಗೇ.

ಮುಂದಿನ ವರ್ಷದಿಂದ ಅವನು ಬಾವುಟ ನೆಟ್ಟ, ಜನರನ್ನು ಹೊರಗೆ ಬಿಟ್ಟ. ತಪ್ಪಾಯಿತು ಎಂದು ಹೇಳಿ ಬಿಟ್ಟದ್ದಲ್ಲ, ಸವಾರರು ಈಗ ಪಳಗಿದ್ದಾರೆ ಎಂದು ಹೇಳಿ ಬಿಟ್ಟ. ಸೈಕಲ್ ಸಂಘ ಕಟ್ಟಿದ, ಅದಕ್ಕೆ ಅಧ್ಯಕ್ಷನಾದ. ಯುದ್ಧ ಬಂತು, ಹೋಯಿತು. ಮತ್ತೆ ಹದಿನೈದು ವರ್ಷ ಅದೇ ಹಳದಿ ಪಟ್ಟಿ ಕಟ್ಟಿಕೊಂಡು ಎಲ್ಲ ರೇಸುಗಳಲ್ಲೂ ಮೊದಲ ಸಾಲಿನ ಕುರ್ಚಿಯಲ್ಲಿ ಕೂತ. ಜೂಲ್ಮಾ ಸತ್ತಾಗ ಶವಯಾತ್ರೆಯನ್ನು ಶನಿವಾರಕ್ಕೆ ಇಟ್ಟುಕೊಂಡ, ಭಾನುವಾರ ಹಕ್ಕಿ ಬರುವುದಿತ್ತು. ಕೊನೆಗೆ ಗೂಡಿನ ಧೂಳು ಪುಪ್ಪುಸಕ್ಕೆ ಇಳಿದು ಕೆಮ್ಮಿ ಕೆಮ್ಮಿ ಹೋದ. ಇದು ಒಡಿಲಾನ್ ಬೋಸ್ಟಿನ್‌ನ ಜೀವನ. ಇದರಲ್ಲಿ ಪಿತಾಮಹತ್ವ ಎಲ್ಲಿದೆಯೋ ಹುಡುಕಿಕೊಳ್ಳಿ.

ಈವೋನ ವಿಷಯ ಇನ್ನೊಂದು ಉಳಿದಿದೆ. ಅದನ್ನು ಹೇಳದೆ ಎದ್ದರೆ ನಾನೂ ಮೇಷ್ಟ್ರ ಜಾತಿಗೇ ಸೇರುತ್ತೇನೆ.

ಆ ಆಗಸ್ಟಿನಲ್ಲಿ ಅವನು ಮನೆಗೆ ಬಂದ, ರೈಲಿನಲ್ಲಿ, ಸೈಕಲ್ ಇಲ್ಲದೆ. ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಸಿಕ್ಕಿದೆ, ಹೋಗುವ ಮುಂಚೆ ನೋಡಿ ಹೋಗೋಣ ಅಂತ ಬಂದೆ ಎಂದ. ಅಡುಗೆಮನೆಯಲ್ಲಿ ಕೂರಿಸಿ ಅಕ್ಕಿ ಹಾಲಿನ ಕಡುಬು ಬಡಿಸಿದೆ. ಸಿಟ್ಟು ಇರಲಿಲ್ಲ ಅವನಲ್ಲಿ. ರೇಸಿನ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅರ್ಧ ತಿಂದ ಮೇಲೆ ತಲೆಯೆತ್ತಿ ಕೇಳಿದ.

“ಅಕ್ಕಾ, ಆವತ್ತು ಹಕ್ಕಿ ಇಳೀತಾ?”

“ಯಾವ ಹಕ್ಕಿ?”

“ಆ ಭಾನುವಾರ. ಒಡಿಲಾನ್ ಡಬ್ಬಿ ಅಲ್ಲಾಡಿಸ್ತಿದ್ರಲ್ಲ. ನನಗೆ ಕಾಣಿಸ್ಲಿಲ್ಲ, ಆದ್ರೆ ಒಂಚೂರೂ ಸದ್ದು ಮಾಡ್ಲಿಲ್ಲ ನಾನು. ಈ ಸಲನಾದ್ರೂ ನನ್ನಿಂದ ಕೆಡದೆ ಇರ್ಲಿ ಅಂತ. ಇಳೀತಾ?”

ಆ ಡಬ್ಬಿ ಯಾರಿಗಾಗಿ ಅಲ್ಲಾಡಿತೆಂದು ಅವನಿಗೆ ಪತ್ರಿಕೆಯವರು ಹೇಳಿರಲಿಲ್ಲ. ನಾನೂ ಪತ್ರದಲ್ಲಿ ಬರೆದಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಒಲೆಯ ಕಡೆ ತಿರುಗಿ ನಿಂತು ಹೇಳಿದೆ.

“ಹಕ್ಕಿ ಇರ್ಲಿಲ್ಲ ಈವೋ. ನಾವೆಲ್ಲ ನಿನಗೇ ಕಾಯ್ತಿದ್ವಿ.”

ಅವನು ಚಮಚ ಕೆಳಗಿಟ್ಟ. ಮೇಜಿನ ಮೇಲಿನ ಸಕ್ಕರೆಯ ಕಣಗಳನ್ನು ಬೆರಳಲ್ಲಿ ಒಟ್ಟುಮಾಡಿದ.

“ನೀನೆಲ್ಲಿದ್ದೆ?”

“ಕಿಟಕಿ ಹಿಂದೆ.”

“ನಾನು ಹೋಗೋದು ಕಾಣಿಸ್ತಾ?”

ಕಾಣಿಸಿತು ಎಂದೆ. ಅವನು ಕೇಳದೆ ಇದ್ದದ್ದನ್ನೂ ಹೇಳಿದೆ. ಅವನು ನನ್ನ ಹೆಂಚಿನ ಕಡೆ ಕಣ್ಣೆತ್ತಿದಾಗಲೇ ನನಗೆ ಅರ್ಥವಾಗಿತ್ತು, ಅವನು ಹಕ್ಕಿ ಹುಡುಕುತ್ತಿದ್ದಾನೆಂದು. ಊರಿನಲ್ಲಿ ಬೇರೆ ಯಾರಿಗೂ ಹೊಳೆಯುವ ಮೊದಲೇ ನನಗೆ ಹೊಳೆದಿತ್ತು. ಬಾಯಿ ತೆರೆದಿದ್ದೆ. ಆಮೇಲೆ ಸುತ್ತಲಿನ ಪರದೆಗಳು ಕಣ್ಣಿಗೆ ಬಿದ್ದವು. ಮತ್ತೆ ಅದೇ ಮನೆಯವರು ಕೆಡಿಸಿದರು ಅನ್ನುತ್ತಾರಲ್ಲ ಎಂದು ನನ್ನ ಕೈಯೇ ನನ್ನ ಬಾಯಿಯನ್ನು ಮುಚ್ಚಿತ್ತು.

ಈವೋ ಎದ್ದು ಕೋಟು ಹಾಕಿಕೊಂಡ. ಬಾಗಿಲಲ್ಲಿ ನಿಂತು, ಜಗಳದ ದನಿಯಲ್ಲೇನೂ ಅಲ್ಲ, ಚಿಕ್ಕಂದಿನಲ್ಲಿ ಏನಾದರೂ ಕೇಳುವಾಗಿನ ದನಿಯಲ್ಲಿ ಹೇಳಿದ.

“ಕೂಗ್ಬೋದಿತ್ತಲ್ಲ ಅಕ್ಕಾ.”

ಗಣಿಯಿಂದ ವರ್ಷಕ್ಕೊಂದು ಕಾರ್ಡು ಬರುತ್ತದೆ. ಅಲ್ಲೇ ಮದುವೆಯಾದ, ಮೊಮ್ಮಕ್ಕಳಾಗಿದ್ದಾರೆ. ಊರಿಗೆ ಬರಲಿಲ್ಲ. ಒಡಿಲಾನನನ್ನು ಬೈದು ಬೈದು ಇಪ್ಪತ್ತೊಂಬತ್ತು ವರ್ಷ ಕಳೆದೆ, ಈಗ ಅವನೂ ಇಲ್ಲ. ಗುರುವಾರ ಮಣ್ಣು ಮುಚ್ಚಿದ ಮೇಲೆ ಸಂಘದವರು ಅವನ ಹಕ್ಕಿಗಳನ್ನು ಹಾರಿಬಿಟ್ಟರು. ಅವು ಸಮಾಧಿಯ ಮೇಲೆ ಒಂದು ಸುತ್ತು ಹಾಕಿದವು, ಜನ ಅಭ್ಯಾಸದಂತೆ ಉಸಿರು ಬಿಗಿಹಿಡಿದು ನಿಂತರು. ನಾನೂ ನಿಂತೆ.